ನಕಲಿಯ ಉಂಗುರ ಬೆರಳು

ಇದು ನಡೆದ ಕತೆ. ನಡೆದದ್ದಷ್ಟೇ ಅಲ್ಲ, ಒಂದೆರಡು ಕಡೆ ಎಡವಿದ್ದೂ ಉಂಟು. ಆಣೆ ಇಟ್ಟು ಹೇಳುವವರನ್ನು ನಂಬಬಾರದು, ಆದ್ದರಿಂದ ಇಲ್ಲಿ ಆಣೆ ಇಲ್ಲ. ಶುರುಮಾಡುವ ಮೊದಲು ನಿಮ್ಮ ಎರಡೂ ಕಿವಿ ಜಾಗದಲ್ಲಿವೆಯೇ ಎಂದು ಒಮ್ಮೆ ಮುಟ್ಟಿ ನೋಡಿಕೊಂಡರೆ ಸಾಕು.

ಆ ಬೀದಿಯ ಸಲೂನಿನವನನ್ನು ಎಲ್ಲರೂ ಕರೆಯುತ್ತಿದ್ದದ್ದು ನಕಲಿ ಎಂದು. ಕೆಲಸ ಅಪ್ಪಟ ಅಸಲಿ. ನಕಲಿ ಅವನ ಗಂಟಲು. ವಕೀಲರು ಕ್ಷೌರ ಮಾಡಿಸಿಕೊಂಡು ಮೆಟ್ಟಿಲು ಇಳಿದರೋ ಇಲ್ಲವೋ, ಒಳಗಿನಿಂದ ಇನ್ನೊಬ್ಬ ವಕೀಲರು, "ಅಂದ್ರೆ... ಈಗ... ಅರ್ಥಾತ್..." ಎಂದು ಕೆಮ್ಮುತ್ತಿದ್ದರು. ಇಳಿದ ವಕೀಲರು ಗಾಬರಿಯಿಂದ ತಿರುಗಿ ನೋಡುತ್ತಿದ್ದರು. ಹಗಲು ಕೂದಲು, ಸಂಜೆ ಮನೆಯ ಹಿಂದಿನ ಶೆಡ್ಡಿನಲ್ಲಿ ಮರಗೆಲಸ. ಹಗಲಿನದು ಹೊಟ್ಟೆಗೆ, ಸಂಜೆಯದು ಹೊಟ್ಟಿಗೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಮರದ ಹೊಟ್ಟು ಮೈಗೆಲ್ಲ ಮೆತ್ತಿಕೊಂಡು ಊಟಕ್ಕೆ ಬರುವುದು ಅವನಿಗೆ ಪರಮಸುಖ, ಅವನ ಹೆಂಡತಿಗೆ ಪರಮಸಂಕಟ.

ಹೆಂಡತಿ ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಊರವರ ಬಾಯಿಯ ಅಚ್ಚು ತೆಗೆದು, ವಸಡಿನ ಬಣ್ಣದ ಮೇಣದಲ್ಲಿ ಹಲ್ಲು ಕೂರಿಸುವುದು ಅವಳ ಕಸುಬು. ಒಮ್ಮೆ ಅದೇ ಮೇಣದಲ್ಲಿ ಗಂಡನ ತೋರುಬೆರಳಿನಂಥದೇ ಒಂದು ಬೆರಳು ಮಾಡಿಕೊಟ್ಟಳು. ಉಗುರಿನ ಗೆರೆ ಸಮೇತ. ಅವಳು ಜೀವನದಲ್ಲಿ ಮಾಡಿದ ದೊಡ್ಡ ತಪ್ಪು ಅದು. ಅಂದಿನಿಂದ ಬಿಡುವಾದಾಗಲೆಲ್ಲ ನಕಲಿ ಶೆಡ್ಡಿನಿಂದ ಕೂಗುತ್ತ ಓಡಿಬರುತ್ತಿದ್ದ. ಕೈತುಂಬ ಮರಕ್ಕೆ ಬಳಿಯುವ ಕೆಂಪು ಬಣ್ಣ, ಅಂಗೈಯಲ್ಲಿ ತುಂಡು ಬೆರಳು. ಮೊದಲ ಸಲ ಇದಕ್ಕೆ ಬಲಿಯಾದವನು ಹೆಂಡತಿಯ ತಮ್ಮ. ಬಸ್ ಓಡಿಸುವವನು, ತಲೆತುಂಬ ಗುಂಗುರು ಕೂದಲು, ಆದ್ದರಿಂದ ಹೆಸರೂ ಗುಂಗುರು. ಎಂಥ ಟ್ರಾಫಿಕ್ಕಿಗೂ ಜಗ್ಗದ ಆಳು, ಮೇಣದ ಬೆರಳು ನೋಡಿ ಹೊಟ್ಟಿನ ರಾಶಿಯ ಮೇಲೆ ಬೋರಲು ಬಿದ್ದಿದ್ದ. ಎಚ್ಚರವಾದಾಗ ಭಾವ ಗುಂಗುರುವಿನದೇ ದನಿಯಲ್ಲಿ, "ಸ್ಟಾಪ್ ಬಂತು, ಸ್ಟಾಪ್ ಬಂತು, ಹಿಂದಿನ ಬಾಗ್ಲಿಂದ ಇಳೀರಿ" ಎನ್ನುತ್ತಿದ್ದ.

"ಒಂದಲ್ಲ ಒಂದಿನ ನಿಂಗೆ ಇದೆ ಭಾವ," ಎಂದಿದ್ದ ಗುಂಗುರು, ಮೂಗಿನಿಂದ ಹೊಟ್ಟು ಸೀನುತ್ತ.

ನಿಜವಾದ ಗಾಯ ಆದದ್ದು ಒಂದು ರಜೆಯ ಮಧ್ಯಾಹ್ನ. ಶೆಡ್ಡಿನಲ್ಲಿ ಒಂದು ಗರಗಸದ ಮೇಜಿತ್ತು. ನಡುವಿನ ಸೀಳಿನಿಂದ ಗರಗಸದ ಬಿಲ್ಲೆ ತಲೆ ಎತ್ತಿ ತಿರುಗುತ್ತಿರುತ್ತದೆ. ಹಲಗೆಯನ್ನು ಅದರತ್ತ ತಳ್ಳಬೇಕು, ಕೊನೆಯ ಗೇಣನ್ನು ಮಾತ್ರ ಕೈಯಿಂದಲ್ಲ, ತಳ್ಳುಕೋಲಿನಿಂದ. ಕೋಲು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಸೀಳಬೇಕಾದದ್ದು ಒಂದೇ ಒಂದು ಮರದ ಪಟ್ಟಿ, ಅದಕ್ಯಾಕೆ ಕೋಲು ಎಂದುಕೊಂಡ ನಕಲಿ. ಪಟ್ಟಿ ಗಂಟಿನ ಹತ್ತಿರ ಎಗರಿತು, ಕೈ ಮುಂದಕ್ಕೆ ಜಾರಿತು.

"ಅಯ್ಯೋ! ಕೈ ಹೋಯ್ತು ಕಣೇ!"

ಅಡುಗೆಮನೆಯ ಹೊಸ್ತಿಲಲ್ಲಿ ಅಕ್ಕ ತಮ್ಮ ಟೀ ಕುಡಿಯುತ್ತ ಕೂತಿದ್ದರು. ಗುಂಗುರು ತಲೆ ಎತ್ತಲಿಲ್ಲ. "ಬಂತು ನೋಡಕ್ಕ, ಈ ವಾರದ ಬೆರಳು."

"ಬಣ್ಣ ಹೊರಗೇ ತೊಳ್ಕೊಂಡು ಬನ್ನಿ," ಎಂದಳು ಹೆಂಡತಿ. "ನೆಲ ಈಗಷ್ಟೇ ಒರೆಸಿದ್ದೀನಿ."

"ಇದು ಬಣ್ಣ ಅಲ್ವೇ!"

"ಹೋದ್ಸಲಾನೂ ಹೀಗೇ ಅಂದ್ರಿ."

"ಈ ಸಲ ಬಣ್ಣ ಸ್ವಲ್ಪ ತೆಳು ಆಯ್ತು ಭಾವ," ಎಂದ ಗುಂಗುರು.

ಊರವರ ದನಿಯೆಲ್ಲ ಗಂಟಲಲ್ಲಿ ಇಟ್ಟುಕೊಂಡವನಿಗೆ ಆಗ ತನ್ನ ದನಿ ಎಲ್ಲಿದೆಯೆಂದು ಹುಡುಕಬೇಕಾಯಿತು. ಕೂಗಿದರೆ ನಂಬುವುದಿಲ್ಲ, ಅತ್ತರೂ ನಂಬುವುದಿಲ್ಲ. ಅವನು ಕೂಗುವುದನ್ನು ಬಿಟ್ಟ. ಮೆಲ್ಲಗೆ, "ಉಂಗುರ ಬೆರಳು ಮಡಚ್ತಾ ಇಲ್ಲ," ಎಂದ.

ಅದು ಬೇರೆ ಯಾರ ದನಿಯೂ ಆಗಿರಲಿಲ್ಲ. ಹೆಂಡತಿ ಲೋಟ ಇಟ್ಟು ಎದ್ದಳು. ಆಮೇಲೆ ಎಲ್ಲ ಸರಸರ ಆಯಿತು. ಒಗೆದ ಟವೆಲ್ಲು ಒತ್ತಿ ಹಿಡಿದಳು, ಕೈಯನ್ನು ತಲೆಗಿಂತ ಮೇಲೆ ಎತ್ತಿಸಿದಳು. ಗುಂಗುರು ಜೀವನದಲ್ಲಿ ಮೊದಲ ಸಲ ಯಾವ ಸ್ಟಾಪಿನಲ್ಲೂ ನಿಲ್ಲಿಸದೆ ಆಸ್ಪತ್ರೆಯವರೆಗೆ ಗಾಡಿ ಓಡಿಸಿದ. ದಾರಿಯುದ್ದಕ್ಕೂ ತಪ್ಪಾಯ್ತು ಭಾವ, ತಪ್ಪಾಯ್ತು ಭಾವ ಎನ್ನುತ್ತಿದ್ದ. "ತಪ್ಪು ನಿಂದಲ್ಲ ಕಣೋ, ನನ್ ಅಭಿನಯದ್ದು," ಎಂದ ನಕಲಿ. ಮುಖ ಬಿಳಿಚಿತ್ತು, ಬಾಯಿ ಮಾತ್ರ ಬಿಳಿಚಿರಲಿಲ್ಲ.

ಬೆರಳು ಉಳಿದಿತ್ತು. ಆದರೆ ಅದನ್ನು ಮಡಚುವ ಸ್ನಾಯುವಿನ ಹಗ್ಗ ಒಳಗೆ ಕಡಿದಿತ್ತು. ಸರ್ಜನ್ ಅಮ್ಮ ಹೊಲಿದು, ಮುಂಗೈಯಿಂದ ಬೆರಳ ತುದಿಯವರೆಗೆ ಪಟ್ಟಿ ಕಟ್ಟಿ ಕೂರಿಸಿದರು.

"ಏನ್ ಕೆಲಸ ಮಾಡ್ತೀರಿ?"

"ಕತ್ತರಿ ಕೆಲಸ."

ಅವರು ಪಟ್ಟಿ ಕಟ್ಟಿದ ಬೆರಳನ್ನು ಇನ್ನೊಮ್ಮೆ ನೋಡಿದರು. ಯಾಕೆ ಎಂದು ನಕಲಿಗೂ ಗೊತ್ತಿತ್ತು. ಹೆಬ್ಬೆರಳು ಕತ್ತರಿಯ ಒಂದು ಅಲಗನ್ನು ಆಡಿಸುತ್ತದೆ, ನೋಡುವವರಿಗೆ ಕಾಣುವುದು ಅದೇ. ಇನ್ನೊಂದು ಅಲಗು ಅಲುಗದೆ ನಿಲ್ಲಬೇಕು. ಅದನ್ನು ನಿಲ್ಲಿಸುವುದು ಉಂಗುರ ಬೆರಳು. ಆ ಬೆರಳು ಸೋತರೆ ಕತ್ತರಿ ಬರೀ ಕಬ್ಬಿಣ.

"ನಾನು ಹೊಲಿದಿದ್ದೀನಿ," ಎಂದರು ಅವರು. "ಅದು ಕೆಲಸ ಮಾಡೋ ಹಾಗೆ ಮಾಡೋದು ನಿಮ್ಮ ಕೈಲಿದೆ."

"ನೀವು ಹೊಲಿಗೆ ಹಾಕಿ ಕೊಟ್ಟಿದ್ದೀರಿ, ನಾನು ಕತ್ತರಿ ಹಾಕ್ತೀನಿ ಬಿಡಿ," ಎಂದ ನಕಲಿ. ನರ್ಸ್ ನಕ್ಕಳು. ಅವನು ಸಲೂನಿನ ಬಾಗಿಲಿಗೆ ಎಡಗೈಯಲ್ಲಿ ಬರೆದ ಬೋರ್ಡು ನೇತುಹಾಕಿಸಿದ: ಕೈ ರಜೆಯಲ್ಲಿದೆ, ಬರುತ್ತದೆ. ಅಕ್ಷರಗಳು ಕುಡಿದವರ ಸಾಲಿನಂತಿದ್ದವು, ಅದಕ್ಕೆ ಎಲ್ಲರೂ ನಿಂತು ಓದಿದರು.

ಮನೆಯಲ್ಲಿ ಎಡಗೈಗೆ ಪಟ್ಟಾಭಿಷೇಕವಾಯಿತು. ಅಂಗಿಯ ಗುಂಡಿ ಹಾಕಲು ಅದಕ್ಕೆ ಬಾರದು, ಹಲ್ಲುಜ್ಜಿದರೆ ಅರ್ಧ ಪೇಸ್ಟು ಗಲ್ಲಕ್ಕೆ. ನಕಲಿ ದಿನವೂ ಅದನ್ನು ಹೊಸದಾಗಿ ಕೆಲಸಕ್ಕೆ ಸೇರಿದ ಹುಂಬನಂತೆ ಬೈದು, ಹೊಗಳಿ ಪಳಗಿಸಿದ. ಬಲಗೈಗೆ ಥೆರಪಿ. ಥೆರಪಿಯ ಹುಡುಗಿ ಹಾಡಿನಂತೆ ಎಳೆಯುತ್ತಿದ್ದಳು: "ಮಡಚೀ... ಹಿಡೀರೀ... ಬಿಡೀ..." ಮೊದಮೊದಲು ಬೆರಳು ಕೂದಲೆಳೆಯಷ್ಟು ಮಡಚುತ್ತಿತ್ತು. ಕೂದಲೆಳೆ ಎಷ್ಟು ದಪ್ಪ ಎಂದು ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಇದು ಲಾಭವೇ ಎಂದ ನಕಲಿ. ಮನೆಯಲ್ಲಿ ತನಗೆ ತಾನೇ ಹೇಳಿಕೊಂಡರೆ ಸೋಮಾರಿತನ ಮಾಡುತ್ತಿದ್ದ. ಹಾಗಾಗಿ ಅವಳ ದನಿಯಲ್ಲೇ ಹೇಳಿಕೊಳ್ಳತೊಡಗಿದ. ಬಚ್ಚಲಿನಿಂದ ಹೆಣ್ಣುದನಿ, "ಹಿಡೀರೀ... ಬಿಡೀ..." ಎಂದು ಕೇಳಿ ಪಕ್ಕದ ಮನೆಯ ಮುದುಕಿ ಹೆಂಡತಿಯನ್ನು ಕರೆದು, "ನಿನ್ನ ಗಂಡನ ಮೇಲೆ ಒಂದು ಕಣ್ಣಿಟ್ಟಿರಮ್ಮ," ಎಂದಿದ್ದರು.

ಪಟ್ಟಿ ಬಿಚ್ಚಿದರು, ಬೆರಳು ಅಂಗೈ ಮುಟ್ಟಿತು, ಮೆತ್ತನೆ ಉಂಡೆ ಹಿಸುಕಿತು. ಗೂಟಕ್ಕೆ ಕಟ್ಟಿದ ಹಳೆಯ ನೆಲ ಒರೆಸುವ ಮಾಪಿಗೆ ನಕಲಿ ಕ್ಷೌರ ಮಾಡತೊಡಗಿದ. ಆ ಮಾಪು ಮದುಮಗನಂತೆ ಕಾಣತೊಡಗಿತು. ಶೆಡ್ಡಿಗೂ ಹೋದ. ತಳ್ಳುಕೋಲಿಗೆ ಒಂದು ಕೊಕ್ಕೆ ಕೂರಿಸಿ, ಗರಗಸದ ಸ್ವಿಚ್ಚಿನ ಮೇಲೇ ಅಡ್ಡ ನೇತುಹಾಕಿದ. ಇನ್ನು ಕೋಲನ್ನು ಕೈಗೆ ತೆಗೆದುಕೊಳ್ಳದೆ ಸ್ವಿಚ್ಚು ಮುಟ್ಟಲಾಗದು. ಗರಗಸ ಹಾಕಿ ಮರದ ಒಂದು ಪಟ್ಟಿ ಸೀಳಿದ. ಬೆವರು ಇಳಿಯಿತು. ಪಟ್ಟಿ ನೆಟ್ಟಗಿತ್ತು.

ಒಂದೇ ಒಂದು ಮುಳ್ಳು ಉಳಿದಿತ್ತು. ಬೆಚ್ಚಿದರೆ ಬೆರಳು ಬಿಚ್ಚಿಕೊಳ್ಳುತ್ತಿತ್ತು.

ಹೆಂಡತಿ ಹೇಳದೆ ಕೇಳದೆ ಮಿಕ್ಸಿ ಹಾಕಿದರೆ ಕೈಯಲ್ಲಿದ್ದ ಲೋಟ ನೆಲಕ್ಕೆ. ಬಾಗಿಲು ದಡಾರ್ ಎಂದರೆ ಬಾಚಣಿಗೆ ನೆಲಕ್ಕೆ. ಥೆರಪಿಯ ಹುಡುಗಿ ಹೇಳಿದಳು: "ಶಕ್ತಿ ಬಂದಿದೆ. ಕೈಗಿನ್ನೂ ಭಯ ಇದೆ. ಬೆಚ್ಚಿದಾಗ ಯಾವತ್ತು ಹಿಡಿದದ್ದು ಬಿಡಲ್ವೋ, ಅವತ್ತು ವಾಸಿ ಆಯ್ತು ಅಂತ."

ಬೀದಿಯಲ್ಲಿ ಟಯರು ಸಿಡಿಯಬಹುದು, ಗಿರಾಕಿ ಸೀನಬಹುದು. ಆಗ ಕತ್ತರಿ ಜಾರಿದರೆ ಅದು ಯಾರ ಕಣ್ಣಿನ ಪಕ್ಕದಲ್ಲಿರುತ್ತದೋ! ಬೆಚ್ಚಿದರೂ ಕೈ ಬಿಡುವುದಿಲ್ಲ ಎಂದು ಗೊತ್ತಾಗುವವರೆಗೆ ಅಂಗಡಿ ತೆಗೆಯುವುದಿಲ್ಲ ಎಂದುಬಿಟ್ಟ ನಕಲಿ. ತಮಾಷೆಗೂ ಆ ಮಾತು ಬದಲಿಸಲಿಲ್ಲ. ಆದರೆ ಗೊತ್ತಾಗುವುದು ಹೇಗೆ? ತನ್ನನ್ನು ತಾನೇ ಬೆಚ್ಚಿಸಿಕೊಳ್ಳುವ ವಿದ್ಯೆ ಯಾವ ಮಿಮಿಕ್ರಿಯಲ್ಲೂ ಇಲ್ಲ.

"ನೀನಾದ್ರೂ ಹೆದರಿಸೇ," ಎಂದ ಹೆಂಡತಿಗೆ.

ಅವಳು ಬೆನ್ನ ಹಿಂದೆ ಪಾತ್ರೆ ಬಡಿದಳು. ಕತ್ತರಿ ಜಪ್ಪಯ್ಯ ಅನ್ನಲಿಲ್ಲ.

"ನೋಡಿ, ಹಿಡ್ಕೊಂಡ್ರಲ್ಲ!"

"ಬಡೀತೀಯ ಅಂತ ಗೊತ್ತಿತ್ತಲ್ಲೇ. ಕೇಳಿ ಹಾಕಿಸ್ಕೊಂಡ ಹೆದರಿಕೆ ಹೆದರಿಕೆನಾ?"

"ಹಂಗಾದ್ರೆ ನನ್ ಕೈಲಿ ಆಗಲ್ಲಪ್ಪ," ಎಂದು ಅವಳು ಪಾತ್ರೆ ಒಳಗಿಟ್ಟಳು. "ನಿಮ್ಮಂಥ ಕಲಾವಿದರನ್ನ ಹೆದರಿಸೋಕೆ ನಾನೆಲ್ಲಿ!"

ಅದಾಗಿ ಸ್ವಲ್ಪ ದಿನಕ್ಕೆ ಗುಂಗುರು ಬಂದ. ಅವನ ಕೂದಲು ಬೆಳೆದು ಕಿವಿ ಮುಚ್ಚಿ, ಬಸ್ಸಿನ ಡ್ರೈವರ್ ಸೀಟಿನಲ್ಲಿ ಪೊದೆಯೊಂದು ಕೂತಿದೆ ಎಂದು ಜನ ದೂರು ಹೇಳುವ ಹಂತಕ್ಕೆ ಬಂದಿತ್ತು.

"ಭಾವ, ಮೂಲೆ ಸಲೂನಿಗೆ ಹೋಗ್ತೀನಿ ಅಂದ್ರೆ ನಿಂಗೆ ಬೇಜಾರು. ನೀನಂತೂ ಅಂಗಡಿ ತೆಗೆಯಲ್ಲ. ಅಂಗಡಿ ಬೇಡ, ಶೆಡ್ಡಲ್ಲೇ ಮಾಡು. ಮಾಪಿಗಿಂತ ನಾನು ಕಡೆನಾ?"

"ಏನೋ ಕಿವಿ ಹಿಂದೆ ಅದು, ಸುಣ್ಣ?"

"ಮನೆಗೆ ಬಣ್ಣ ಹೊಡೀತಿದ್ದಾರೆ ಭಾವ," ಎಂದ ಗುಂಗುರು. ಅಕ್ಕ ಕೆಮ್ಮಿದಳು.

ನಕಲಿ ಯೋಚಿಸಿದ. ಮನೆಯವನು, ಶೆಡ್ಡಿನಲ್ಲಿ ಸದ್ದಿಲ್ಲ, ಗಡಿಬಿಡಿ ಇಲ್ಲ. ಆಯಿತೆಂದ. ಮರುಸಂಜೆ ಸ್ಟೂಲು ಹಾಕಿ ಕೂರಿಸಿ, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿದ. ಗುಂಗುರುವಿನ ಎರಡೂ ಕೈ ಬಟ್ಟೆಯೊಳಗೆ ಹೋದವು. ಹೆಂಡತಿ ಟೀ ಹಿಡಿದು ಬಾಗಿಲ ಹತ್ತಿರ ನಿಂತಳು.

ಮೊದಲ ಕಚಕ್ಕಿಗೆ ಮೈ ಜುಮ್ಮೆಂದಿತು. ಎರಡನೆಯದಕ್ಕೆ ಹಗುರಾಯಿತು. ಹಿಂಭಾಗ ಮುಗಿಯುವಷ್ಟರಲ್ಲಿ ಕತ್ತರಿ ಹಳೆಯ ತಾಳ ಹಿಡಿದಿತ್ತು. ಕೂದಲನ್ನು ಎರಡು ಸಲ ಕತ್ತರಿಸಿ, ಮೂರನೆಯ ಸಲ ಸುಮ್ಮನೆ ಗಾಳಿಯನ್ನು ಕತ್ತರಿಸುವುದು ಅವನ ಗತ್ತು. ಗಂಟಲೂ ತೆರೆಯಿತು. "ತಲೆ ಬಗ್ಗಿಸೀ... ಹಿಡೀರೀ... ಬಿಡೀ..." ಎಂದ ಥೆರಪಿಯ ಹುಡುಗಿಯಾಗಿ. "ಅಂದ್ರೆ... ಅರ್ಥಾತ್... ಈ ತಲೆ ಇತ್ಯರ್ಥ ಆಯ್ತು" ಎಂದ ವಕೀಲರಾಗಿ. ಬಲಗಿವಿಯ ಮೇಲಿನ ಪೊದೆಗೆ ಬಂದ. ಬಾಚಣಿಗೆಯಿಂದ ಎತ್ತಿ, ಒಂದು ಕಚಕ್. ಕತ್ತರಿಯನ್ನು ಮೇಲೆತ್ತಿದ.

"ಅಯ್ಯಯ್ಯೋ! ಅಕ್ಕಾ! ಕಿವಿ!"

ಬಟ್ಟೆಯೊಳಗಿನಿಂದ ಕೈ ಚಿಮ್ಮಿ ಕಿವಿಯನ್ನು ಮುಚ್ಚಿತು. ಬೆರಳ ಸಂದಿಗಳಿಂದ ಕೆಂಪು ಧಾರೆಯಾಗಿ ಇಳಿದು ಬಿಳಿ ಬಟ್ಟೆ ತೊಯ್ಯಿತು. ಏನೋ ಒಂದು ಮೊಣಕಾಲ ಮೇಲೆ ಬಿದ್ದು, ಜಾರಿ, ನಕಲಿಯ ಪಾದದ ಹತ್ತಿರ ಹೊಟ್ಟಿನಲ್ಲಿ ಬಂದು ಕೂತಿತು.

ಕಿವಿ. ಮಡಿಕೆ, ತೂತು, ಹಾಲೆ ಸಮೇತ ಪೂರ್ತಿ ಕಿವಿ.

ನಕಲಿ ಬಾಯಿ ತೆರೆದ. ಯಾವ ದನಿಯೂ ಬರಲಿಲ್ಲ, ವಕೀಲರದೂ ಇಲ್ಲ, ತನ್ನದೂ ಇಲ್ಲ. ಹೆಂಡತಿಯತ್ತ ನೋಡಿದ. ಅವಳು ಟೀ ಹೀರುತ್ತಿದ್ದಳು.

"ಬಣ್ಣ ಹೊರಗೇ ತೊಳ್ಕೊಂಡು ಬಾರೋ," ಎಂದಳು ತಮ್ಮನಿಗೆ. "ನೆಲ ಈಗಷ್ಟೇ ಒರೆಸಿದ್ದೀನಿ."

ಗುಂಗುರು ಕೈ ತೆಗೆದ. ಕೆಂಪು ಮೆತ್ತಿದ ಪೊದೆಯ ಕೆಳಗೆ ಬಲಗಿವಿ ಬೆಚ್ಚಗೆ ಕೂತಿತ್ತು. ಕೈಯಲ್ಲಿ ಒದ್ದೆ ಸ್ಪಂಜು. "ಹೆಂಗಿದೆ ಭಾವ, ಈ ವಾರದ ಕಿವಿ?" ಎಂದ, ಭಾವನದೇ ದನಿಯಲ್ಲಿ. ಅನುಕರಣೆ ತೀರಾ ಕೆಟ್ಟದಾಗಿತ್ತು.

ನಕಲಿ ಬಗ್ಗಿ ಎಡಗೈಯಲ್ಲಿ ಕಿವಿ ಎತ್ತಿಕೊಂಡ. ವಸಡಿನ ಬಣ್ಣ, ಮೇಣದ ನುಣುಪು. "ಮನೆಗೆ ಬಣ್ಣ ಅಂದ್ಯಲ್ಲೋ ಕಳ್ಳ!"

"ಅದು ಅಕ್ಕ ಕಿವಿಗೆ ಅಚ್ಚು ತಗೊಂಡ ಪ್ಲಾಸ್ಟರು. ಒಂದು ಗಂಟೆ ಕಿವಿ ಕೇಳಿಸ್ಲಿಲ್ಲ. ಕತ್ತರಿ ಮೇಲೆ ಎತ್ತಿದ ಮೇಲಷ್ಟೇ ಕಿರುಚ್ಬೇಕು ಅಂತ ಬಸ್ಸಲ್ಲಿ ದಿನಾ ಪ್ರಾಕ್ಟೀಸು. ಪ್ಯಾಸೆಂಜರ್‌ಗಳು ಇಳ್ಕೊಂಡು ಹೋದ್ರು."

"ಏನೇ ಇದು, ಇಂಥ ಆಟ ಆಡ್ತಾರಾ? ನನ್ ಜೀವ ಹೋಗಿತ್ತು!"

"ಜೀವ ಬಿಡಿ," ಎಂದಳು ಹೆಂಡತಿ. "ಕೈ ನೋಡ್ಕೊಳಿ."

ನೋಡಿಕೊಂಡ. ಬಲಗೈ ಗಾಳಿಯಲ್ಲಿ ಎತ್ತಿದಂತೆಯೇ ನಿಂತಿತ್ತು. ಉಂಗುರ ಬೆರಳು ಕತ್ತರಿಯ ಬಳೆಯನ್ನು ಎಂಥ ಬಿಗಿಯಾಗಿ ಹಿಡಿದಿತ್ತೆಂದರೆ ಗೆಣ್ಣು ಬೆಳ್ಳಗಾಗಿತ್ತು, ಹೊಲಿಗೆಯ ಗೆರೆ ಮಿನುಗುತ್ತಿತ್ತು. ಅಲಗು ಅಲುಗಿರಲಿಲ್ಲ.

ಮೊದಲು ಗುಂಗುರು ನಕ್ಕ, ಸ್ಟೂಲು ಅಲ್ಲಾಡುವಂತೆ. ಆಮೇಲೆ ಹೆಂಡತಿ, ಟೀ ಚೆಲ್ಲುವಂತೆ. ನಕಲಿ ಕತ್ತರಿ ನೋಡಿದ, ಕಿವಿ ನೋಡಿದ, ಮತ್ತೆ ಕತ್ತರಿ ನೋಡಿದ. ಒಳಗಿನಿಂದ ನಗು ಗುಳುಗುಳು ಎಂದು ಮೇಲೆ ಬಂತು. ಅವನು ನಕ್ಕ ನಗೆಗೆ ಮೊಳೆಯಲ್ಲಿದ್ದ ಉಳಿಗಳು ಟಿಣಿಟಿಣಿ ಎಂದವು. ಪಕ್ಕದ ಮನೆಯ ಮುದುಕಿ ಕಿಟಕಿ ತೆರೆದು, ಈಗ ಯಾರ ದನಿ ಇದು ಎಂದು ಕೇಳಿದರು. ನಂದೇ ಅಜ್ಜಿ, ನಂದೇ ಎನ್ನಲು ಹೋಗಿ ಮತ್ತೆ ನಕ್ಕ. ಕಣ್ಣೀರು ಇಳಿಯಿತು, ಪಕ್ಕೆ ನೋಯಿತು, ಹೊಟ್ಟಿನ ರಾಶಿಯ ಮೇಲೆ ಕುಸಿದು ಕೂತ, ಉಳಿದಿಬ್ಬರು ಸುಸ್ತಾಗಿ ನಿಲ್ಲಿಸಿದ ಮೇಲೂ ನಗುತ್ತಲೇ ಇದ್ದ. ಕತ್ತರಿ ಮಾತ್ರ ಬಿಡಲಿಲ್ಲ.