ಇದ್ದಿಲಿನ ಬೊಗಸೆ

ಎಂಜಿನ್ನು ಕೆಮ್ಮುತ್ತಿದೆ, ಡ್ರೈವರು ಚಿಕ್ಕಯ್ಯ ಇನ್ನೊಂದು ಗಳಿಗೆ ಇದ್ದಿಲಿಗೆ ಗಾಳಿಯೂದುವ ಬ್ಲೋಯರು ತಿರುಗಿಸಿ ಹೊರಟಿದ್ದರೆ ಇಷ್ಟು ಕೆಮ್ಮುತ್ತಿರಲಿಲ್ಲ, ಅವಸರ, ಎಲ್ಲರಿಗೂ ಅವಸರ, ಈ ಅವಸರ ಕಲಿಸಿದವನೂ ನಾನೇ — ಹನ್ನೊಂದು ಅಂದರೆ ಹನ್ನೊಂದಕ್ಕೆ ಬಸ್ಸು ಹಾಸನ ಬಿಡಬೇಕು, ಆಫೀಸಿನ ಗೋಡೆಗೆ ಅಂಟಿಸಿದ ಚೀಟಿಯ ಕೆಳಗೆ ನನ್ನದೇ ಸೈನು, ಪರಮಶಿವಯ್ಯ, ಮ್ಯಾನೇಜರ್. ಸಾ, ಮುಂದ್ಕ್ ಬನ್ನಿ ಸಾ, ನಿಮ್ ಸೀಟು ಖಾಲಿ ಮಡಗಿವ್ನಿ — ಬೇಡ ಕಣಯ್ಯ, ಹಿಂದೇನೇ ಕೂರ್ತೀನಿ, ನೀನು ಓಡಿಸು. ಅವನಿಗೆ ಇನ್ನೂ ಗೊತ್ತಿಲ್ಲ, ಬೆಳಿಗ್ಗೆ ನಾನು ಮಾಲೀಕರ ಮೇಜಿನ ಮೇಲೆ ಏನಿಟ್ಟು ಬಂದೆ ಅಂತ ಗೊತ್ತಿಲ್ಲ, ವಾರಕ್ಕೊಂದು ಸಲ ನಾನು ಹೋಗುವ ನಮ್ಮೂರು ಹೊಳೆನರಸೀಪುರ ಮುಟ್ಟುವಷ್ಟರಲ್ಲಿ ಗೊತ್ತಾಗದೆ ಇರುವುದಿಲ್ಲ, ಬಸ್ಸಿಗಿಂತ ಸುದ್ದಿ ಬೇಗ ಹೋಗುತ್ತದೆ, ಅದಕ್ಕೆ ಇದ್ದಿಲೂ ಬೇಡ, ಪೆಟ್ರೋಲೂ ಬೇಡ. ಹಿಂದಿನ ಸೀಟಿನಲ್ಲಿ ಕಿಟಕಿ ತೆರೆದರೆ ಗ್ಯಾಸಿನ ಡಬ್ಬದ ಶಾಖ ಬೆನ್ನಿಗೆ ತಟ್ಟುತ್ತದೆ, ಹೊಗೆ ಮೂಗಿಗೆ ಬರುತ್ತದೆ, ಬರಲಿ. ಯುದ್ಧ ಶುರುವಾಗಿ ಪೆಟ್ರೋಲು ಕೂಪನ್ನಿಗೆ ಬಿದ್ದಾಗಿನಿಂದ ಎಲ್ಲ ಬಸ್ಸಿಗೂ ಹಿಂದೆ ಹೀಗೊಂದು ಡಬ್ಬ, ಅದರಲ್ಲಿ ಇದ್ದಿಲು ತುಂಬಿ ಉರಿಸಿ ಆ ಗ್ಯಾಸಿನಲ್ಲಿ ಎಂಜಿನ್ನು ಓಡಿಸುವುದು, ಏರು ಬಂದರೆ ಜನ ಇಳಿದು ತಳ್ಳುವುದು. ಈಗ ಯುದ್ಧ ಮುಗಿದು ವರ್ಷವಾದರೂ ಡಬ್ಬ ಹೋಗಿಲ್ಲ.

ಇದ್ದಿಲು ಒಣಗಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಗೊತ್ತಾಗುತ್ತದೆ, ಎರಡು ಕೈಯಲ್ಲಿ ಮೊಗೆದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಣಗಿದ್ದು ಗಾಜಿನ ಬಳೆಯ ಹಾಗೆ ಗಲಗಲ ಅನ್ನುತ್ತದೆ, ನೆಂದದ್ದು ಮುಕ್ಕಳಿಸಿದ ಹಾಗೆ ಮಂಕಾಗಿ ಉಲಿಯುತ್ತದೆ, ಡ್ರೈವರು ಅನ್ನಿಸಿಕೊಂಡ ಪ್ರತಿಯೊಬ್ಬನೂ ಬೆಳಿಗ್ಗೆ ಮಾಡುವ ಮೊದಲ ಕೆಲಸ ಅದು. ನಮ್ಮ ಅರಕಲಗೂಡಿನ ಬಸ್ಸಿನ ಡ್ರೈವರು ಲಕ್ಕಯ್ಯ ಅವತ್ತೂ ಮಾಡಿದ್ದ. ಮಾಡಿ ಬೊಗಸೆಯನ್ನು ಹಾಗೇ ಹೊತ್ತುಕೊಂಡು ಆಫೀಸಿನ ಕಿಟಕಿಗೆ ಬಂದ, ಸರಳಿನ ಆಚೆ ಹಿಡಿದ, ಕೇಳಿ ಸಾ, ನೀವೇ ಕೇಳಿ, ಇದು ನೆಂದೈತೆ, ಏರು ಅತ್ತಲ್ಲ ಗಾಡಿ — ನಾನು ಅವನ ಬೊಗಸೆ ನೋಡಿದೆ, ನನ್ನ ತೋಳಿನ ಬಿಳಿ ಶರಟು ನೋಡಿದೆ, ಗಡಿಯಾರ ನೋಡಿದೆ. ಕೈ ಚಾಚಲಿಲ್ಲ. ಹೋಗಯ್ಯ, ಇರೋದರಲ್ಲೇ ಹೊರಡು, ಅರಕಲಗೂಡಿನ ಜನ ಕಾಯ್ತಿದಾರೆ. ಹನ್ನೊಂದು ವರ್ಷ ಸ್ವಂತ ಲಾರಿ ಓಡಿಸಿದ ನಾನು ಹೇಳುವ ಮಾತೇ ಇದು?

ಆ ಲಾರಿಯ ದಿನಗಳಲ್ಲಿ ಲಕ್ಕಯ್ಯ ನನ್ನನ್ನು ಅಣ್ಣ ಅನ್ನುತ್ತಿದ್ದ. ನನ್ನದು ಲಾರಿ, ಅವನದು ಇನ್ನೊಬ್ಬರ ಬಸ್ಸು, ಚನ್ನರಾಯಪಟ್ಟಣದ ಹೋಟೆಲಿನ ಮುಂದೆ ಸೇರುತ್ತಿದ್ದೆವು, ಪರಮಶಿವಣ್ಣ, ಏನ್ ಲೋಡು ಇವತ್ತು — ತೆಂಗಿನಕಾಯಿ ಕಣೋ, ನಾಳೆ ಅರಕಲಗೂಡಿನ ಹೊಗೆಸೊಪ್ಪು, ನಾಡಿದ್ದು ದೇವರಿಗೇ ಗೊತ್ತು. ಒಂದು ಸಲ ರುದ್ರಪಟ್ಟಣದಿಂದ ತಂಬೂರಿಗಳನ್ನು ಹುಲ್ಲಿನಲ್ಲಿ ಸುತ್ತಿ ತಂದಿದ್ದೆ, ಜೊತೆಯಲ್ಲಿ ಕೂತಿದ್ದ ಮುದುಕ ವಿದ್ವಾಂಸರು ಅರ್ಧ ದಾರಿಯಲ್ಲಿ, ಡ್ರೈವರೇ, ನಿಮ್ಮ ಗಾಡಿಯ ಶ್ರುತಿ ಇಳಿದಿದೆಯಲ್ಲ ಅಂದರು, ನಕ್ಕೆ, ಆಮೇಲೆ ಇಳಿದು ನೋಡಿದರೆ ಒಂದು ಪ್ಲಗ್ಗು ಸತ್ತಿತ್ತು. ಅಂಥ ಕಿವಿ ನನಗೂ ಇತ್ತು. ಮೂರು ವರ್ಷ ಕುರ್ಚಿಯ ಮೇಲೆ ಕೂತೆ, ಕಿವಿಗೆ ಬೂಸಲು ಹಿಡಿಯಿತು. ಪೆಟ್ರೋಲು ಸಿಗಲಿಲ್ಲ, ಟಯರು ಸಿಗಲಿಲ್ಲ, ಲಾರಿಯನ್ನು ಮನೆಯ ಹಿಂದಿನ ಕೊಟ್ಟಿಗೆಗೆ ತಂದು, ಟಯರು ನೆಲಕ್ಕೆ ಒತ್ತಿ ಹಾಳಾಗದಿರಲಿ ಅಂತ ನಾಲ್ಕು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿದೆ, ಬಸ್ಸಿನ ಮಾಲೀಕರು ಪಂಚಾಕ್ಷರಯ್ಯನವರು ಕರೆದು ಮ್ಯಾನೇಜರ್ ಆಗಿ ಬನ್ನಿ ಅಂದರು, ಹೋದೆ. ಕೋಟು ಹೊಲಿಸಿದೆ. ಮ್ಯಾನೇಜರು ಗ್ರೀಸು ಮುಟ್ಟಿದರೆ ಕೆಲಸಗಾರರು ಹದ್ದುಬಸ್ತಿನಲ್ಲಿ ಇರುವುದಿಲ್ಲ ಅಂತ ಅವರು ಹೇಳಿಕೊಟ್ಟರು, ನಾನು ಚೆನ್ನಾಗಿ ಕಲಿತೆ, ಅಷ್ಟು ಬೇಗ ಕಲಿತದ್ದಕ್ಕೇ ಈಗ ನನಗೆ ನಾಚಿಕೆ.

ಬಸ್ಸು ಏರು ಹತ್ತುತ್ತಿದೆ, ಚಿಕ್ಕಯ್ಯ ಗೇರು ಇಳಿಸು, ಇಳಿಸು ಈಗ — ಇಳಿಸಿದ, ಸರಿ, ಬಲಗಾಲು ನನಗೇ ಗೊತ್ತಿಲ್ಲದೆ ಹಲಗೆ ಒತ್ತುತ್ತಿದೆ, ಪಕ್ಕದ ಮುದುಕಿ ನನ್ನ ಕಾಲನ್ನೇ ನೋಡುತ್ತಿದ್ದಾಳೆ. ಅವತ್ತೂ ಇಂಥದೇ ಏರು, ಅರಕಲಗೂಡಿನ ದಾರಿಯಲ್ಲಿ, ಗ್ಯಾಸು ಸಾಲದೆ ನಡು ಏರಿನಲ್ಲಿ ಎಂಜಿನ್ನು ನಿಂತು, ಬ್ರೇಕು ಹಿಡಿಯದೆ ಬಸ್ಸು ತುಂಬಿದ ಜನರ ಸಮೇತ ಹಿಂದಕ್ಕೆ ಜಾರತೊಡಗಿತು, ಲಕ್ಕಯ್ಯ ಹ್ಯಾಂಡ್‌ಬ್ರೇಕು ಎಳೆದು ಕೆಳಕ್ಕೆ ಹಾರಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಬಸ್ಸು ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಕಲ್ಲು ಕೊಟ್ಟ ಎಡಗೈ ಮಾತ್ರ ಚಕ್ರಕ್ಕೆ ಸಿಕ್ಕಿ ಮೂರು ಬೆರಳು ಹೋದವು. ಮಾಲೀಕರು ಕರೆಸಿದರು, ಒಂದು ರಿಪೋರ್ಟು ಬರೆದುಬಿಡಿ ಪರಮಶಿವಯ್ಯನವರೇ, ಡ್ರೈವರಿನ ಅಜಾಗರೂಕತೆಯಿಂದ ಅಂತ ಒಂದೇ ಸಾಲು, ಅವನನ್ನು ಹೇಗೂ ಇನ್ನು ಇಟ್ಟುಕೊಳ್ಳೋಕ್ಕಾಗಲ್ಲ, ನಿಮ್ಮ ಹೆಸರೂ ಉಳಿಯುತ್ತೆ, ಕಂಪನಿಯ ಹೆಸರೂ ಉಳಿಯುತ್ತೆ. ಎರಡು ದಿನ ಆ ಹಾಳೆ ನನ್ನ ಮುಂದೆ ಇತ್ತು. ಪೆನ್ನು ತೆಗೆದರೆ ಕಿಟಕಿ ಕಾಣುತ್ತದೆ, ಕಿಟಕಿಯಲ್ಲಿ ಬೊಗಸೆ.

ಮೂರನೆಯ ದಿನ ಲಕ್ಕಯ್ಯನ ಮನೆಗೆ ಹೋದೆ. ಹೆಂಡತಿ ಬೀರಮ್ಮ ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ, ಏನ್ ಮ್ಯಾನೇಜರ್ ಸಾಯೇಬ್ರು, ದಾರಿ ತಪ್ಪಿ ಬಂದ್ಬುಟ್ರಾ — ಅಂದದ್ದು ಸರಿ, ನಾನಾಗಿದ್ದರೆ ಇನ್ನೂ ನಾಲ್ಕು ಅನ್ನುತ್ತಿದ್ದೆ. ಒಳಗಿನಿಂದ ಅವನು, ಬುಡಮ್ಮಿ ಅವರ್ನ, ಬರ್ಲಿ ಅಂದ. ಕೈ ಬಟ್ಟೆಯಲ್ಲಿ ಸುತ್ತಿತ್ತು. ಲಕ್ಕಯ್ಯ, ತಪ್ಪು ನಂದು ಕಣೋ ಅಂದೆ. ಊ ಸಾ, ನಿಮ್ದೇಯ, ಅಂದ. ಅಷ್ಟೇ. ಸಮಾಧಾನ ಹೇಳಲಿಲ್ಲ, ಹೇಳಿದ್ದರೆ ನಾನು ಇವತ್ತೂ ಆ ಕುರ್ಚಿಯ ಮೇಲೇ ಕೂತಿರುತ್ತಿದ್ದೆ. ಆಮೇಲೆ ಕೇಳಿದ, ನಿಮ್ ಲಾರಿ ಇನ್ನೂ ಕಲ್ ಮ್ಯಾಲೇ ಐತಾ? ಇದೆ ಅಂದೆ. ಇಳಿಸ್ತೀನಿ, ನೀನು ಜೊತೆಗೆ ಬಾ, ಒಂದು ಕೈಯಲ್ಲಿ ಏನು ಮಾಡೋಕಾಗುತ್ತೋ ಅದನ್ನ ಮಾಡು, ಬಂದದ್ದರಲ್ಲಿ ಅರ್ಧ ನಿಂದು. ಮುಖ ತಿರುಗಿಸಿದ. ಮೊದ್ಲು ಇಳಿಸಿ ಸಾ, ಆಮ್ಯಾಕ್ ನೋಡಾನ.

ಅದಕ್ಕೇ ಇವತ್ತು ಬೆಳಿಗ್ಗೆ ಎರಡು ಹಾಳೆ ಕೊಟ್ಟೆ. ಒಂದರಲ್ಲಿ, ಇದ್ದಿಲು ನೆಂದಿದೆ ಎಂದು ಡ್ರೈವರು ತಿಳಿಸಿದ್ದನು, ತಿಳಿದೂ ಬಸ್ಸನ್ನು ಕಳಿಸಿದವನು ನಾನು ಅಂತ. ಇನ್ನೊಂದರಲ್ಲಿ ರಾಜೀನಾಮೆ. ಪಂಚಾಕ್ಷರಯ್ಯನವರು ಎರಡನ್ನೂ ಓದಿ ಕನ್ನಡಕ ತೆಗೆದರು, ನಿಮಗೇನು ತಲೆ ಕೆಟ್ಟಿದೆಯೇ, ನಲವತ್ತಾರು ವರ್ಷಕ್ಕೆ ಮತ್ತೆ ಸ್ಟೇರಿಂಗ್ ಹಿಡೀತೀರಾ, ಯಾರಾದರೂ ಮೇಲಿಂದ ಕೆಳಕ್ಕೆ ಇಳೀತಾರಾ? ನಾನು ಇಳೀತೀನಿ ಸ್ವಾಮಿ. ಕೂಪನ್ನಿನ ಎರಡು ಗ್ಯಾಲನ್ ಇದೆ, ಚನ್ನರಾಯಪಟ್ಟಣ ಮುಟ್ಟಲು ಸಾಕು, ಅಲ್ಲಿ ಕಮ್ಮಾರನಿಗೆ ಹೇಳಿ ಗ್ಯಾಸಿನ ಡಬ್ಬ ಮಾಡಿಸಿಟ್ಟಿದ್ದೇನೆ, ಸೋಮವಾರ ಕೂರಿಸಿ ಅಲ್ಲಿಂದಲೇ ಕಾಯಿ ತುಂಬಿಕೊಂಡು ಹೊರಡುವುದು. ಎಲ್ಲ ಸರಿ, ಹೆಂಡತಿ ಗಂಗಾಂಬಿಕೆಗೆ ಮಾತ್ರ ಹೇಳಿಲ್ಲ. ನೆರೆಯ ಅನಸೂಯಮ್ಮ ಮ್ಯಾನೇಜರಮ್ಮ ಅಂತ ಕೂಗಿದಾಗ ಅವಳ ಮುಖ ಅರಳುವುದನ್ನು ನೋಡಿದ್ದೇನೆ, ಅದನ್ನು ಕಿತ್ತುಕೊಳ್ಳುತ್ತಿದ್ದೇನೆ, ಕೇಳದೆ ಕಿತ್ತುಕೊಳ್ಳುತ್ತಿದ್ದೇನೆ, ಅತ್ತರೂ ಬೈದರೂ ಹಿಂದೆ ಹೋಗುವುದಿಲ್ಲ, ಆದರೆ ಅಳದಿರಲಿ.

ಹೇಮಾವತಿಯ ಸೇತುವೆ, ಇಳಿದೆ, ನಡೆದೆ, ಮನೆಯೊಳಗೆ ಹೋಗುವ ಧೈರ್ಯವಾಗದೆ ನೇರ ಕೊಟ್ಟಿಗೆಗೆ ಬಂದೆ. ಲಾರಿ ಕಲ್ಲಿನ ಮೇಲೆ ನಿಂತಿದೆ, ಬಾನೆಟ್ಟಿನ ಮೇಲೆ ವಿಭೂತಿಯ ಮೂರು ಗೆರೆ ಹೊಸದಾಗಿವೆ. ಮುಂದಿನ ಚಕ್ರಕ್ಕೆ ಕೈ ಹಾಕಿದೆ, ಮೂರು ವರ್ಷದ ತುಕ್ಕು, ಕಿರುಗುಟ್ಟುತ್ತದೆ ಅಂತ ಹಲ್ಲು ಕಚ್ಚಿ ತಳ್ಳಿದೆ, ಅದು ಸದ್ದೇ ಇಲ್ಲದೆ ಸುತ್ತಿತು, ಸುತ್ತುತ್ತಲೇ ಇತ್ತು, ಬೆರಳಿಗೆ ಹರಳೆಣ್ಣೆ ಹತ್ತಿತು. ಹಿಂದಿನಿಂದ ಗಂಗಾಂಬಿಕೆ, ಸೋಮವಾರ ಸೋಮವಾರ ಪೂಜೆ ಮಾಡ್ದಾಗ ತಿರುಗಿಸ್ತಿದ್ದೆ, ಅಂಗೇ ಬುಟ್ರೆ ಇಡ್ಕೊಂಬುಡುತ್ತೆ ಅಂತ ನೀವೇ ಯಾವಾಗ್ಲೋ ಅಂದಿದ್ರಲ್ಲ. ನಾನು ತಿರುಗಿ ನೋಡದೆ ಚಕ್ರವನ್ನು ಇನ್ನೊಮ್ಮೆ ತಳ್ಳಿದೆ. ಮತ್ತೆ ಅವಳೇ, ನೆನ್ನೆ ಲಕ್ಕಯ್ಯ ಎತ್ತಿನ್ ಗಾಡೀಲಿ ಬಂದಿದ್ದ, ಒಂದ್ ಮೂಟೆ ಇದ್ಲು ಇಳಿಸಿ ಓದ, ಯಾಕಪ್ಪ ಅಂದೆ, ಅಣ್ಣ ಲಾರಿ ಇಳಿಸ್ತರೆ ಕಣಮ್ಮ ಅಂದ, ನಂಗ್ ಮೊದ್ಲು ಯೋಳ್ಬಾರ್ದಿತ್ತೇನ್ರೀ ನೀವು? ಅಣ್ಣ ಅಂದನೇ? ಊ, ಅಣ್ಣ ಅಂದ.

ಮೂಲೆಯಲ್ಲಿ ಮೂಟೆ, ಬಾಯಿ ಬಿಚ್ಚಿದೆ, ಕೋಟು ತೆಗೆದು ಅವಳ ಕೈಗೆ ಕೊಟ್ಟೆ, ಬಿಳಿ ತೋಳಿನ ಸಮೇತ ಎರಡು ಕೈಯನ್ನೂ ಮೊಣಕೈವರೆಗೆ ಇಳಿಸಿ ಬೊಗಸೆ ತುಂಬ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ — ಗಲಗಲ, ಒಣಗಿದ್ದು, ಒಂದೊಂದನ್ನೂ ಆರಿಸಿ ಹಾಕಿದ್ದಾನೆ, ಒಂದೇ ಕೈಯಲ್ಲಿ ಆರಿಸಿದ್ದಾನೆ, ಕೇಳಿ ಸಾ, ಕೇಳ್ತಿದೀನಿ ಕಣೋ, ಕೇಳಿ ಸಾ, ನಾಳೆ ಕಲ್ಲು ತೆಗೀತೀನಿ, ನಾಡಿದ್ದು ಚನ್ನರಾಯಪಟ್ಟಣ, ಕೇಳಿ ಸಾ — ಅವತ್ತಿನ ಕಿಟಕಿಯ ಸರಳು, ಸರಳಿನ ಆಚೆ ಇದ್ದಿಲಿನ ಬೊಗಸೆ, ಬೊಗಸೆಯಲ್ಲಿ ಲಕ್ಕಯ್ಯನ ಎರಡು ಕೈ, ಹತ್ತು ಬೆರಳು, ಹತ್ತೂ ಬೆರಳು.