ಮಹಾದಾನಮ್ಮಣ್ಣಿಯ ಚೆಕ್ಕುಬಂದಿ

ಪರ್ವತಯ್ಯನಿಗೆ ಮೊದಮೊದಲು ಆ ಲಂಡನ್ ವಕೀಲನ ಮೇಲೆ ಪ್ರೀತಿಯೇ ಇತ್ತು ಅನ್ನಬೇಕು. ಮಧುಗಿರಿಯ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಕೂತು ಮೂವತ್ತೊಂದು ವರ್ಷ ಕ್ರಯಪತ್ರ, ವಿಭಾಗಪತ್ರ ಬರೆದು ಬರೆದು ಬೇಸತ್ತ ಮನುಷ್ಯ. ಅಂಥವನ ಇಮೇಲಿಗೆ ಒಂದು ದಿನ ವಕೀಲನ ಕಾಗದ ಬಂತು. "ಪ್ರೀತಿಯ ಫಲಾನುಭವಿಯೇ, ನಿಮಗೆ ದೇವರ ಶಾಂತಿ. ಸತ್ತ ಕೋಟ್ಯಧಿಪತಿಯ ಹಣ ನಿಮ್ಮ ಹೆಸರಿಗೆ ಬಂದಿದೆ. ಶುಲ್ಕವನ್ನು ಮಾತ್ರ ಮುಂಚಿತವಾಗಿ ಕಳುಹಿಸಿ." ಕನ್ನಡವನ್ನು ಯಾವುದೋ ಮಿಷನ್ನಿಗೆ ಹಾಕಿ ಅರೆದು ತೆಗೆದ ಹಾಗಿತ್ತು. ಬೇರೆಯವರಾಗಿದ್ದರೆ ಅಳಿಸಿ ಹಾಕಿ ಕಾಫಿ ಕುಡಿಯಲು ಹೋಗುತ್ತಿದ್ದರು. ಈ ಮಹಾರಾಯ ಕನ್ನಡಕ ಒರೆಸಿಕೊಂಡು, ತಾನೇ ಹುಟ್ಟಿಸಿದ ಒಬ್ಬ ಅಮ್ಮಣ್ಣಿಯ ಹೆಸರಲ್ಲಿ ಉತ್ತರ ಬರೆಯಲು ಕೂತ.

"ಏಳು ಊರಿನ ಒಡತಿ ಮಹಾದಾನಮ್ಮಣ್ಣಿಯಾದ ನಾವು, ಸ್ವಸ್ಥ ಮನಸ್ಸಿನಿಂದ, ಯಾರ ಬಲವಂತವೂ ಇಲ್ಲದೆ ಬರೆಸಿಕೊಟ್ಟ ಉತ್ತರ ಏನೆಂದರೆ, ಶುಲ್ಕ ಕೊಡಲು ನಮ್ಮದೇನೂ ತಕರಾರಿಲ್ಲ. ಬೊಕ್ಕಸ ತುಂಬಿದೆ. ಆದರೆ ಮನೆಗೆ ಬಂದು ಮುದ್ದೆ ಉಣ್ಣದವರಿಗೆ ಹಣ ಕೊಡುವ ಪದ್ಧತಿ ನಮ್ಮ ವಂಶದಲ್ಲಿಲ್ಲ."

ಎರಡೇ ದಿನಕ್ಕೆ ಜವಾಬು ಬಂತು: "ಗೌರವಾನ್ವಿತ ಅಮ್ಮಣ್ಣಿ, ಮುದ್ದೆಯನ್ನು ಬ್ಯಾಂಕಿನ ಮೂಲಕ ಕಳುಹಿಸಲು ಸಾಧ್ಯವೇ?"

ಪಕ್ಕದ ಜೆರಾಕ್ಸ್ ಅಂಗಡಿಯ ನಾಗಭೂಷಣ್ ಅದನ್ನು ಓದಿ ನಕ್ಕ ನಗೆಗೆ ಟೀ ಮೂಗಿಗೆ ಹತ್ತಿತು. "ಅಯ್ಯನೋರೇ, ಇವನ್ನ ಬುಡಬ್ಯಾಡಿ ಕಣ್ರೀ, ಆಡ್ಸಿ!" ಎಂದ. ಪರ್ವತಯ್ಯ ಆಡಿಸಿದ. ಎರಡು ತಿಂಗಳು, ಹನ್ನೊಂದು ಕಾಗದ. ಮಧ್ಯಾಹ್ನದ ಹೊತ್ತು ಸಾಲಿನ ಪತ್ರಬರಹಗಾರರೆಲ್ಲ ಬಂದು ಅಮ್ಮಣ್ಣಿಯ ಯೋಗಕ್ಷೇಮ ವಿಚಾರಿಸಿಕೊಂಡು ಹೋಗುತ್ತಿದ್ದರು.

ವಕೀಲ ಕೊನೆಗೆ ಆಸ್ತಿಗೆ ಪುರಾವೆ ಕೇಳಿದ. ಅಲ್ಲೇ ನಮ್ಮವನು ಎಡವಿದ್ದು. ಸ್ವತ್ತು ಎಂದ ಮೇಲೆ ಚೆಕ್ಕುಬಂದಿ ಬೇಕು; ಸ್ವತ್ತಿನ ನಾಲ್ಕು ದಿಕ್ಕಿಗೂ ಏನೇನಿದೆ ಎಂದು ಬರೆಯದೆ ಯಾವ ಪತ್ರವನ್ನೂ ಪರ್ವತಯ್ಯ ಮುಗಿಸಿದವನಲ್ಲ. ಅದರಲ್ಲಿ ಒಂದು ಗೋಡೆ ತಪ್ಪಾಗಿ ಬರೆದವನೂ ಅಲ್ಲ. ತಾಲ್ಲೂಕಿನಲ್ಲಿ ಅವನಿಗಿದ್ದ ಹೆಸರೇ ಅದು. ಅಮ್ಮಣ್ಣಿ ಸುಳ್ಳು, ವಂಶ ಸುಳ್ಳು, ಬೊಕ್ಕಸ ಸುಳ್ಳು. ಚೆಕ್ಕುಬಂದಿಗೆ ಬಂದಾಗ ಮಾತ್ರ ಸುಳ್ಳು ಬರೆಯಲು ಕೈ ಬರಲಿಲ್ಲ. ಮಧುಗಿರಿ ಟೌನು, ಇಂಥ ಬಡಾವಣೆ, ಪೂರ್ವಕ್ಕೆ ರಾಧಾಮಣಿ ಟೀಚರ ಮನೆ, ಪಶ್ಚಿಮಕ್ಕೆ ನೀರಿನ ಟ್ಯಾಂಕು, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ರಸ್ತೆ. ಅದು ಅವನದೇ ಮನೆ. ಕಳಿಸಿಯೂ ಬಿಟ್ಟ.

ಆಮೇಲೆ ಒಂದು ವಾರ ಸದ್ದಿಲ್ಲ. ಎಂಟನೇ ದಿನ ಎರಡು ಸಾಲು ಬಂತು. "ತಮಾಷೆ ಸಾಕು. ನಿನ್ನ ಮನೆ ನಮಗೆ ಗೊತ್ತು. ಜನ ಬರುತ್ತಾರೆ."

ಪರ್ವತಯ್ಯ ಬರೆಯುತ್ತಿದ್ದ ಕ್ರಯಪತ್ರವನ್ನು ಪಕ್ಕಕ್ಕಿಟ್ಟ. ತಾನು ಕಳಿಸಿದ ಚೆಕ್ಕುಬಂದಿಯನ್ನು ಮತ್ತೆ ತೆಗೆದು ಓದಿದ. ಅಯ್ಯೋ ಶಿವನೇ, ಕುರುಡನೂ ಕೋಲು ತಟ್ಟಿಕೊಂಡು ಬಂದು ಬಾಗಿಲಿಗೆ ನಿಲ್ಲಬಹುದು, ಅಷ್ಟು ಕರಾರುವಾಕ್ಕಾಗಿತ್ತು! ಅವನ ಕಣ್ಣೆದುರಿಗೆ ಬಂದವಳು ಹೆಂಡತಿ ಶಿವರುದ್ರಮ್ಮ. ಹಗಲೆಲ್ಲ ಮನೆಯಲ್ಲಿ ಒಬ್ಬಳೇ. ಮೇಲಾಗಿ ಆಕೆ ಎಂಥವಳು? ಬಾಗಿಲಿಗೆ ಬಂದವರು ನೀರು ಕೇಳಿದರೆ ಮಜ್ಜಿಗೆ ಕೊಟ್ಟು, ಮಜ್ಜಿಗೆ ಕೇಳಿದರೆ ಒಳಗೆ ಕರೆದು ತಟ್ಟೆ ಹಾಕುವವಳು.

"ಗುರುತಿಲ್ಲದೋರಿಗೆ ಬಾಗ್ಲು ತೆಗೀಬ್ಯಾಡ" ಎಂದು ಮನೆಗೆ ಬಂದವನೇ ಅಪ್ಪಣೆ ಮಾಡಿದ.

"ಯಾಕ್ರೀ? ಯಾರನ್ನ ಕೊಂದು ಬಂದಿದೀರಾ?"

"ಹೇಳಿದಷ್ಟು ಕೇಳು!"

ನಿಜ ಹೇಳಲು ನಾಚಿಕೆ. ಅರವತ್ತಕ್ಕೆ ಹತ್ತಿರ ಬಂದ ಗಂಡಸು, ಹೆಂಗಸಿನ ಹೆಸರಲ್ಲಿ ಕಾಗದ ಬರೆದು ಕಳ್ಳರನ್ನು ಊಟಕ್ಕೆ ಕರೆದೆ ಎಂದು ಯಾವ ಬಾಯಲ್ಲಿ ಹೇಳುವುದು? ಆವತ್ತಿನಿಂದ ಅವನಿಗೆ ಅನ್ನ ಸೇರಲಿಲ್ಲ. ಬೈಕು ನಿಂತ ಸದ್ದಾದರೆ ಎದ್ದು ಹೋಗಿ ಚಿಲಕ ನೋಡುತ್ತಿದ್ದ. ಕಚೇರಿ ಎದುರಿನಿಂದ ದಿನಕ್ಕೆ ಆರು ಸಲ ಫೋನ್ ಮಾಡಿ, ಏನಿಲ್ಲ, ಸುಮ್ಮನೆ ಮಾಡಿದೆ ಎನ್ನುತ್ತಿದ್ದ.

ಮಂಗಳವಾರ ಬೆಳಗ್ಗೆ ಜನ ಬಂದೇಬಿಟ್ಟರು. ಜನ ಎಂದರೆ ಒಬ್ಬ. ಶಿವರುದ್ರಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಪರ್ವತಯ್ಯ ಕಿಟಕಿಯ ಸಂದಿಯಿಂದ ನೋಡಿದ. ಕಪ್ಪಗೆ ಗಟ್ಟಿಮುಟ್ಟಾದ ಆಳು, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಮಡಚಿದ ಕಾಗದ. ಕಾಗದ ನೋಡಿ ಟೀಚರ ಮನೆ ನೋಡಿದ. ಟ್ಯಾಂಕಿನ ತನಕ ನಡೆದುಹೋಗಿ ಬಂದ. ಓಣಿಗೆ ಇಣುಕಿದ. ರಸ್ತೆಯ ಆಚೆಗೆ ಹೋಗಿ ನಿಂತು ಇಡೀ ಮನೆಯನ್ನು ಮೇಲಿಂದ ಕೆಳಗೆ ಅಳೆದ. ಆಮೇಲೆ ಗೇಟಿಗೆ ಬಂದು ಚಿಲಕದ ಮೇಲೆ ಕೈಯಿಟ್ಟ.

ಪರ್ವತಯ್ಯನ ಜೀವ ಬಾಯಿಗೆ ಬಂತು. ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಕೊರಳ ಲಿಂಗವನ್ನು ನೆನೆದ. ಎಷ್ಟು ಹೊತ್ತು ಹಾಗೆ ಕೂತಿದ್ದನೋ. ಎದ್ದು ನೋಡಿದಾಗ ಗೇಟಿನ ಹತ್ತಿರ ಯಾರೂ ಇರಲಿಲ್ಲ.

ಪೊಲೀಸರಿಗೆ ಹೇಳೋಣ ಎಂದು ಸ್ಟೇಷನ್ನಿನ ತನಕ ಹೋದ. ಏನಂತ ಹೇಳುವುದು? ಅಮ್ಮಣ್ಣಿ ಯಾರು ಎಂದು ಕೇಳಿದರೆ? ಹಾಗೇ ವಾಪಸು ಬಂದ.

ಗುರುವಾರ ಮಧ್ಯಾಹ್ನ ಫೋನ್ ಮಾಡಿದಾಗ ಶಿವರುದ್ರಮ್ಮ ಎತ್ತಲಿಲ್ಲ. ಇನ್ನೊಂದು ಸಲ ಮಾಡಿದ. ಮೂರನೇ ಸಲಕ್ಕೆ ಎತ್ತಿ, "ಬೇಗ ಬನ್ರೀ, ಮನೆಗೆ ಯಾರೋ ಬಂದವ್ರೆ" ಎಂದವಳೇ ಇಟ್ಟುಬಿಟ್ಟಳು. ಪರ್ವತಯ್ಯ ಯಾರದೋ ಕ್ರಯಪತ್ರವನ್ನು ಅರ್ಧಕ್ಕೆ ಬಿಟ್ಟು ಓಡಿದ. ನಾಗಭೂಷಣ್ ಹಿಂದಿನಿಂದ ಕೂಗುತ್ತಲೇ ಇದ್ದ. ಅವಳಿಗೇನಾದರೂ ಆಗಿದ್ದರೆ ನಾನಿದ್ದು ಏನು ಪ್ರಯೋಜನ, ಇದೊಂದೇ ತಲೆಯಲ್ಲಿ.

ಬಾಗಿಲ ಹೊರಗೆ ಕೆಮ್ಮಣ್ಣು ಹತ್ತಿದ ಒಂದು ಜೊತೆ ಚಪ್ಪಲಿ. ಮೂಲೆಯಲ್ಲಿದ್ದ ದೊಣ್ಣೆ ಎತ್ತಿಕೊಂಡು ಒಳಗೆ ನುಗ್ಗಿದ.

ಆ ಮನುಷ್ಯ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಮುದ್ದೆ ಉಣ್ಣುತ್ತಿದ್ದ. ದೊಣ್ಣೆ ಕಂಡವನೇ ಗಾಬರಿಯಾಗಿ ಎದ್ದು, ಎಂಜಲು ಕೈಯನ್ನೇ ಜೋಡಿಸಿದ.

"ಹೊಡೀಬ್ಯಾಡಿ ಸ್ವಾಮಿ! ಮುದ್ದೆ ಉಂಡ್ರೇನೆ ದುಡ್ಡು ಅಂತ ಬರ್ದಿತ್ತು, ಅದ್ಕೇ ಅವ್ವಾರನ್ನ ಕೇಳ್ದೆ."

"ದೊಡ್ಡಹನುಮಯ್ಯ ಅಂತೆ" ಎಂದಳು ಶಿವರುದ್ರಮ್ಮ. "ಪಾವಗಡದ ಕಡೆ, ವಳ್ಳೂರಂತೆ. ಅದ್ಯಾರೋ ಅಮ್ಮಣ್ಣಿ ಮನೆ ಇದೇ ಅಂತಾರೆ. ಅಲ್ಲ ಅಂದ್ರೂ ಕೇಳಲ್ಲ. ದೊಣ್ಣೆ ಇಡ್ರೀ ಮೊದ್ಲು."

ದೊಡ್ಡಹನುಮಯ್ಯ ಜೇಬಿನಿಂದ ಕಾಗದ ತೆಗೆದು ಬಿಡಿಸಿದ. ಜೆರಾಕ್ಸ್ ಮೇಲೆ ಜೆರಾಕ್ಸ್ ಮಾಡಿ ಮಸುಕಾಗಿತ್ತು. ಪರ್ವತಯ್ಯ ಓದುವುದೇ ಬೇಕಿರಲಿಲ್ಲ. ಮುದ್ದೆಯ ಮಾತಿನಿಂದ ಚೆಕ್ಕುಬಂದಿಯ ತನಕ ಪ್ರತಿ ಸಾಲೂ ಅವನದೇ.

"ಫೋನಾಗೆ ಒಬ್ಬ ತೆಲುಗಲ್ಲಿ ಮಾತಾಡ್ತಿದ್ದ ಸ್ವಾಮಿ. ಲಂಡನ್ನಾಗೆ ಸತ್ತೋರ ದುಡ್ಡು ಬಡವರಿಗೆ ಹಂಚ್ತಾರೆ, ಮಧುಗಿರಿ ಅಮ್ಮಣ್ಣೋರ ಕೈಲೈತೆ, ಶುಲ್ಕ ಕಟ್ಟು ಅಂದ. ನಾನು ನಂಬ್ನಿಲ್ಲ. ಎಷ್ಟು ಜನುಕ್ಕೆ ಟೋಪಿ ಹಾಕವ್ರೆ, ನಂಗೊತ್ತಿಲ್ವಾ? ಆಮ್ಯಾಕೆ ಈ ಕಾಗದ ಕಳಿಸ್ದ. ಚೆಕ್ಕುಬಂದಿ ಇತ್ತು. ನೋಡೇಬುಡಾನ ಅಂತ ಮಂಗ್ಳವಾರ ಬಸ್ ಹತ್ತಿ ಬಂದೆ. ಒಂದೊಂದು ದಿಕ್ಕೂ ನೋಡ್ದೆ. ಕೂದ್ಲೆಳೆ ಯತ್ವಾಸ ಇಲ್ಲ! ಅವತ್ತು ಸಂಜೆನೇ ಕಟ್ಬುಟ್ಟೆ."

"ಏನ್ ಕಟ್ಟಿದೆ?" ಎಂದ ಪರ್ವತಯ್ಯ.

"ನಮ್ ಜಮೀನಿಗೆ ಸೋಲಾರ್‌ನೋರು ಕೊಡೋ ವರ್ಷದ ಬಾಡಿಗೆ. ಮಗಳು ಶ್ರೀಲತಾನ ನರ್ಸಿಂಗ್ ಕಾಲೇಜಿಗೆ ಅಂತ ಇಕ್ಕಿದ್ದೆ. ಅಷ್ಟೂ."

ಶಿವರುದ್ರಮ್ಮ ಗಂಡನ ಮುಖ ನೋಡಿದಳು. ನಲವತ್ತು ವರ್ಷ ಬಾಳಿದವಳು, ಅವಳಿಗೆ ಎಲ್ಲ ಅರ್ಥವಾಯಿತು ಅಂತ ಕಾಣುತ್ತದೆ.

"ಮಂಗ್ಳವಾರ ಗೇಟ್ ತನಕ ಬಂದು ಯಾಕ್ ಹೋದೆ?" ಪರ್ವತಯ್ಯ ಕೇಳಿದ. ಕೇಳಬಾರದಿತ್ತು.

"ಒಂದ್ಮಾತು ಕೇಳಾನ ಅಂತ್ಲೇ ಬಂದಿದ್ದು ಸ್ವಾಮಿ. ಕಿಟಕೀಲಿ ಯಾರೋ ನೋಡ್ತಿದ್ದಂಗಾಯ್ತು. ಕರೀತಾರೇನೋ ಅಂತ ಶಾನೆ ಹೊತ್ತು ನಿಂತೆ. ಕರೀನಿಲ್ಲ. ದೊಡ್ಡೋರ ಮನೆ, ನಾವು ಹೆಂಗೆ ಕದ ತಟ್ಟಾದು? ಭಯ ಆಯ್ತು. ಹೊಂಟೋದೆ."

ಪರ್ವತಯ್ಯನ ಕೈಯಿಂದ ದೊಣ್ಣೆ ಜಾರಿತು. ಯಾರಪ್ಪಾ ನೀನು ಎಂದು ಕೇಳಿದ್ದರೆ ಸಾಕಿತ್ತು. ಒಂದು ಮಾತು. ಇವನ ದುಡ್ಡು ಇವನ ಹತ್ತಿರವೇ ಇರುತ್ತಿತ್ತು. ಗೋಡೆಗೆ ಒರಗಿಕೊಂಡು ಎಲ್ಲ ಹೇಳಿದ. ಅಮ್ಮಣ್ಣಿ ಇಲ್ಲ, ಬೊಕ್ಕಸ ಇಲ್ಲ, ಬರೆದವನು ನಾನೇ, ಕಳ್ಳರನ್ನು ಗೋಳಾಡಿಸಲು ಬರೆದೆ, ಬರೀ ತಮಾಷೆ.

ದೊಡ್ಡಹನುಮಯ್ಯ ನಕ್ಕ. ದೊಡ್ಡವರು ತಮಾಷೆ ಎಂದರೆ ನಗಬೇಕಲ್ಲ, ಅದಕ್ಕೆ ನಕ್ಕಿದ್ದು. ಮುಂದಿನ ಮಾತಿಗೆ ಕಾದ. ಮುಂದಿನ ಮಾತು ಬರಲಿಲ್ಲ. ನಗು ಹಾಗೇ ಇಳಿದುಹೋಗಿ ಮುಖ ಬೂದಿಯಾಯಿತು.

"ಉಣ್ಣಣ್ಣ, ಮೊದ್ಲು ಉಣ್ಣು" ಎಂದಳು ಶಿವರುದ್ರಮ್ಮ. ಅವಳ ಕಣ್ಣು ತುಂಬಿತ್ತು. ಅವನು ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು, ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು, ಯಾರನ್ನೂ ನೋಡದೆ ಹೊರಗೆ ಬಂದು ಚಪ್ಪಲಿ ಮೆಟ್ಟಿದ.

ಪರ್ವತಯ್ಯ ಬರಿಗಾಲಲ್ಲೇ ಗೇಟಿನ ತನಕ ಓಡಿದ. "ನಿಂತ್ಕೊಳಪ್ಪ! ಸ್ಟೇಷನ್‌ಗೆ ಹೋಗಾಣ. ನಾನೂ ಬರ್ತೀನಿ. ನಾನೇ ಬರ್ದಿದ್ದು ಅಂತ ಹೇಳ್ತೀನಿ, ಕಂಪ್ಲೇಂಟ್ ಬರ್ಕೊಡ್ತೀನಿ."

ದೊಡ್ಡಹನುಮಯ್ಯ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದ. ಟವೆಲ್ಲನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ.

"ಬ್ಯಾಡಿ ಸ್ವಾಮಿ, ಏನೂ ಬರೀಬ್ಯಾಡಿ. ನನ್ ಹಿಂದೆ ಬರ್ಬ್ಯಾಡಿ" ಎಂದ. "ನಿಮ್ಮುನ್ನ ಕಂಡ್ರೆ ಭಯ ಆಯ್ತದೆ."