ಮುಚ್ಚಳ ಯಾರ ಕಡೆಗೆ

ಚಲಪತಿ ಅಪ್ಪನ ಬ್ರೀಫ್‌ಕೇಸಿನ ಸಂದಿಗೆ ಸ್ಕ್ರೂಡ್ರೈವರ್ ತುರುಕುತ್ತಿದ್ದಾಗ ಚಿಕ್ಕಪ್ಪ ಪಿಳ್ಳಣ್ಣ ಕೈ ಹಿಡಿದರು.

“ಲೇ, ದೊಡ್ಡಬಳ್ಳಾಪುರದ ಬೀಗ ಎಲ್ಲಾ ಬಿಚ್ಚಿದೋನ ಮನೇಲಿ ಮೀಟ್ತಾ ಕೂತಿದೀಯಲ್ಲೋ, ನಾಚ್ಕೆ ಆಗಲ್ವಾ?”

“ಇನ್ನೇನ್ ಮಾಡ್ಲಿ? ಅಪ್ಪ ಕೈಲಿ ಹಿಡ್ಕಂಡು ತಿರುಗಿದ್ದನ್ನ ಅವ್ನ ಜೊತೇಲೇ ಮಣ್ಣಿಗೆ ಹಾಕ್ಬೇಕು ಅಂತೀರ. ಒಳಗೆ ಅಂಗಡಿ ಪತ್ರ ಐತೆ. ಮೊಬೈಲ್ ಅಂಗಡಿಯೋರಿಗೆ ಮಾರೋಕೆ ಬೇಕಲ್ಲ!”

ಜಗುಲಿಯ ಮೇಲೆ, ತೀರಿಕೊಂಡ ಅಪ್ಪ ಮುನಿರಾಮಯ್ಯನವರನ್ನು ಕುರ್ಚಿಯಲ್ಲಿ ಕೂರಿಸಿದ್ದರು. ದೇಹ ವಾಲದಂತೆ ಹೆಂಡತಿ ಅಕ್ಕಯಮ್ಮ ಹಿಂದಿನಿಂದ ಹಿಡಿದು ಕೂತಿದ್ದಳು.

ಮಗಳು ಕವಿತ ಕಂಬದ ಪಕ್ಕದಲ್ಲಿದ್ದಳು. ‘ಅಂಗಡಿ ನಿಂಗೇ ಬರೆಸಿಟ್ಟಿದೀನಿ’ ಎಂದು ಅಪ್ಪ ಒಮ್ಮೆ ಹೇಳಿದ್ದು ತನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದಳು. ಆ ಪತ್ರ ಅಣ್ಣನ ಕೈಗೆ ಸಿಕ್ಕರೆ ಉಳಿಯುವುದಿಲ್ಲ. ಮಣ್ಣಿಗೆ ಹೋದರೂ ಉಳಿಯುವುದಿಲ್ಲ.

“ನಿಂಗೆ ಬರುತ್ತಲ್ಲ, ತೆಗಿಯೇ,” ಎಂದ ಚಲಪತಿ.

*

ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟ ಕವಿತ, ಕೈ ನಡುಗತೊಡಗಿದ್ದ ಅಪ್ಪನ ಬ್ಯಾಗ್ ರಿಪೇರಿ ಅಂಗಡಿಯಲ್ಲಿ ಕೂತಳು. ಲಾಯರುಗಳ ಚರ್ಮದ ಬ್ಯಾಗು, ಮದುವೆಗೆ ಕೊಟ್ಟ ರೆಕ್ಸಿನ್ ಪೆಟ್ಟಿಗೆ, ಆಮೇಲೆ ನಂಬರ್ ಬೀಗದ ಗಟ್ಟಿ ಪ್ಲಾಸ್ಟಿಕ್ಕಿನದು. ಈಗೀಗ ಬರೀ ಜಿಪ್ ಹೋದ ಲ್ಯಾಪ್‌ಟಾಪ್ ಬ್ಯಾಗು.

ನಂಬರ್ ಮರೆತವರು ಬಂದರೆ ಅಪ್ಪ ಗುಂಡಿ ಒತ್ತಿಹಿಡಿದು ಹಲ್ಲಿರುವ ನಂಬರ್ ಚಕ್ರ ಮೆಲ್ಲಗೆ ತಿರುಗಿಸುತ್ತಿದ್ದರು. “ಬೆರಳಿಗೆ ಒಂಚೂರು ತಡೀತದೆ ನೋಡು, ಅದೇ ನಂಬರು.” ಬೀಗ ಬಿಟ್ಟುಕೊಂಡರೂ ಅವರು ಒಳಗೆ ನೋಡುತ್ತಿರಲಿಲ್ಲ. ಪೆಟ್ಟಿಗೆಯನ್ನು ಅದರ ಯಜಮಾನನ ಕಡೆಗೆ ತಿರುಗಿಸಿ, ಮುಚ್ಚಳ ಎತ್ತಿ, ತಾವು ಬೀದಿಯತ್ತ ಮುಖ ಮಾಡುತ್ತಿದ್ದರು.

“ನೋಡ್ಕೊಳ್ಳಿ, ಎಲ್ಲಾ ಸರಿಯಾಗಿದೆಯಾ?”

*

ಕವಿತ ಬ್ರೀಫ್‌ಕೇಸನ್ನು ಅಪ್ಪನ ತೊಡೆಯ ಮೇಲಿಟ್ಟಳು. ಹೊರಗೆ ತಮಟೆಯವರು ಬಂದಿದ್ದರು. ಒಂದನೇ ಚಕ್ರ ತಡೆಯಿತು. ಎರಡನೆಯದು. ಮೂರನೆಯದಕ್ಕೆ ಅವಳ ಬೆರಳು ಬೆವೆತು ಜಾರಿತು. ಸೆರಗಿಗೆ ಒರೆಸಿಕೊಂಡು ಮತ್ತೆ ತಿರುಗಿಸಿದಳು.

ಟಕ್ ಎಂದಿತು.

“ಈ ಕಡೆ ತಿರುಗ್ಸು,” ಚಲಪತಿ ಕೈ ಚಾಚಿದ.

ಅವಳು ಅಪ್ಪನ ಕಡೆಗೆ ತಿರುಗಿಸಿದಳು.

“ಏಯ್, ತಲೆ ಕೆಟ್ಟೈತಾ? ಸತ್ತೋನಿಗೆ ತೋರಿಸ್ತೀಯಾ?”

ಕವಿತ ಮುಚ್ಚಳ ಎತ್ತಿದಳು. ಅಪ್ಪನ ಮುಖ ಅದರ ಹಿಂದೆ ಮರೆಯಾಯಿತು. ಅವಳು ಬೀದಿಯತ್ತ ಮುಖ ತಿರುಗಿಸಿದಳು.

“ನೋಡ್ಕೊಳ್ಳಪ್ಪ, ಎಲ್ಲಾ ಸರಿಯಾಗಿದೆಯಾ?”

ಮುಚ್ಚಳದ ಹಿಂದೆ ಬಳೆ ಸದ್ದಾಯಿತು. ಅಕ್ಕಯಮ್ಮ ಇನ್ನೂ ತೆಗೆದಿರದ ಹಸಿರು ಗಾಜಿನ ಬಳೆ. ಮುನಿರಾಮಯ್ಯನವರ ಕಂಕುಳ ಕೆಳಗಿನಿಂದ, ಅವರದೇ ಕೈ ಎಂಬಂತೆ, ಒಂದು ಕೈ ಮುಂದೆ ಬಂತು. ಬೆರಳುಗಳಲ್ಲಿ ಮಡಿಸಿದ ಛಾಪಾ ಕಾಗದವಿತ್ತು. ಅದು ಚಲಪತಿಯ ಚಾಚಿದ ಕೈಯನ್ನು ದಾಟಿ, ಇನ್ನೂ ಬೀದಿಯನ್ನೇ ನೋಡುತ್ತಿದ್ದ ಕವಿತಳ ತೋಳನ್ನು ಮುಟ್ಟಿತು.